ಹೆಸರಿಗೆ ಮೊದಲು ಒಂದು ಸಂಖ್ಯೆ

1912ರ ಏಪ್ರಿಲ್ 21. ಟೈಟಾನಿಕ್ ಮುಳುಗಿ ಆರು ದಿನವಾಗಿತ್ತು. ಸಮುದ್ರದಡಿಯ ತಂತಿಗಳನ್ನು ರಿಪೇರಿ ಮಾಡುವ ಮೆಕೇ-ಬೆನೆಟ್ ಎಂಬ ಹಡಗು ಶವಗಳನ್ನು ಹುಡುಕಲೆಂದೇ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಹೊರಟಿತ್ತು. ಅಂದು ಅದರ ನಾವಿಕರು ಕೊರೆಯುವ ನೀರಿನಿಂದ ಒಂದು ಪುಟ್ಟ ಮಗುವನ್ನು ಎತ್ತಿಕೊಂಡರು. ಪಟ್ಟಿಯಲ್ಲಿ ಬರೆದುಕೊಂಡದ್ದು ಇಷ್ಟೇ: ಸಂಖ್ಯೆ 4. ಗಂಡು. ವಯಸ್ಸು ಸುಮಾರು ಎರಡು. ಹೊಂಬಣ್ಣದ ಕೂದಲು. ಕೊರಳಪಟ್ಟಿಗೂ ತೋಳಿನ ತುದಿಗೂ ತುಪ್ಪಳವಿದ್ದ ಬೂದು ಕೋಟು, ಕಂದು ನಿಲುವಂಗಿ, ಗುಲಾಬಿ ಉಣ್ಣೆಯ ಒಳಅಂಗಿ, ಕಂದು ಬೂಟು, ಕಾಲುಚೀಲ. ಬೇರೆ ಗುರುತು ಯಾವುದೂ ಇಲ್ಲ.

ಈ ಪಟ್ಟಿಯ ಹಿಂದೆ ಇದ್ದದ್ದು ಹ್ಯಾಲಿಫ್ಯಾಕ್ಸಿನ ಮರಣ ನೋಂದಣಿ ಅಧಿಕಾರಿ ಜಾನ್ ಹೆನ್ರಿ ಬಾರ್ನ್‌ಸ್ಟೆಡ್ ಅವರ ತಲೆ. ನೀರಿನಿಂದ ಎತ್ತಿದ ಕ್ರಮದಲ್ಲೇ ಪ್ರತಿ ದೇಹಕ್ಕೂ ಒಂದು ಸಂಖ್ಯೆ ಕೊಟ್ಟು, ಅದನ್ನು ಕ್ಯಾನ್ವಾಸ್ ಚೂರಿನ ಮೇಲೆ ಬರೆದು ದೇಹಕ್ಕೇ ಕಟ್ಟಬೇಕು. ಜೇಬಿನಲ್ಲಿ, ಮೈಮೇಲೆ ಸಿಕ್ಕಿದ್ದೆಲ್ಲ ಅದೇ ಸಂಖ್ಯೆಯ ಚೀಲಕ್ಕೆ ಹೋಗಬೇಕು. ಎತ್ತರ, ಕೂದಲು, ಬಟ್ಟೆ, ಮಚ್ಚೆ ಎಲ್ಲವೂ ಅದೇ ಸಂಖ್ಯೆಯ ಕೆಳಗೆ ಪುಸ್ತಕ ಸೇರಬೇಕು. ಕೇಳಿದರೆ, ಇದರಲ್ಲೇನು ಮಹಾ ವಿಜ್ಞಾನ ಅನ್ನಿಸುತ್ತದೆ. 1917ರ ಡಿಸೆಂಬರಿನಲ್ಲಿ ಅದೇ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸ್ಫೋಟಿಸಿ ಸುಮಾರು ಎರಡು ಸಾವಿರ ಮಂದಿ ಸತ್ತಾಗ, ಬಾರ್ನ್‌ಸ್ಟೆಡ್ ಅವರ ಮಗ ಅಪ್ಪನ ಪದ್ಧತಿಯನ್ನೇ ಹಿಡಿದು ಒಂದು ಶಾಲೆಯ ಕಟ್ಟಡದಲ್ಲಿ ಶವಾಗಾರ ನಡೆಸಿದರು. ನೂರು ವರ್ಷ ಕಳೆದಿದೆ, ಡಿಎನ್‌ಎ ಬಂದಿದೆ, ಕಂಪ್ಯೂಟರ್ ಬಂದಿದೆ. ಆದರೂ ದುರಂತದ ಸ್ಥಳದಲ್ಲಿ ಆಗಬೇಕಾದ ಮೊದಲ ಕೆಲಸ ಈಗಲೂ ಇದೇ. ಬಹಳ ಸಲ ಆಗದೆ ಹೋಗುವುದೂ ಇದೇ.

ಆಗದಿರಲು ಮುಖ್ಯ ಕಾರಣ ಅವಸರ. ಅವಸರಕ್ಕೆ ಕಾರಣ ಒಂದು ಹಳೆಯ ಭಯ: ಹೆಣಗಳು ಹಾಗೇ ಬಿದ್ದಿದ್ದರೆ ಸಾಂಕ್ರಾಮಿಕ ರೋಗ ಹಬ್ಬುತ್ತದೆ. ಭೂಕಂಪವಾಗಲಿ, ಪ್ರವಾಹವಾಗಲಿ, ಎರಡನೇ ದಿನಕ್ಕೆ ಯಾರಾದರೊಬ್ಬ ಅಧಿಕಾರಿ ಈ ಮಾತು ಆಡಿಯೇ ಆಡುತ್ತಾರೆ, ಪತ್ರಿಕೆಗಳು ಅಚ್ಚು ಹಾಕಿಯೇ ಹಾಕುತ್ತವೆ. ಮಾತು ಸುಳ್ಳು. ಕಟ್ಟಡ ಕುಸಿದು, ನೀರಲ್ಲಿ ಮುಳುಗಿ ಸತ್ತವರು ಅಂದು ಬೆಳಿಗ್ಗೆ ನಮ್ಮ ನಿಮ್ಮ ಹಾಗೆ ಆರೋಗ್ಯವಾಗಿದ್ದವರು. ಅವರಲ್ಲಿ ಇಲ್ಲದ ಕಾಲರಾ ಸತ್ತ ಮಾತ್ರಕ್ಕೆ ಹುಟ್ಟಿಕೊಳ್ಳುವುದಿಲ್ಲ. ರೋಗಾಣುಗಳಿಗೆ ಬೆಚ್ಚಗಿನ ಜೀವಂತ ಮೈ ಬೇಕು; ದೇಹ ತಣ್ಣಗಾದಂತೆ ಅವುಗಳಲ್ಲಿ ಹೆಚ್ಚಿನವು ಬೇಗ ಸಾಯುತ್ತವೆ. ಕೊಳೆಯಿಸುವ ಬ್ಯಾಕ್ಟೀರಿಯಾಗಳೇ ಬೇರೆ, ರೋಗ ತರುವವೇ ಬೇರೆ. ಮೂಗಿಗೆ ಬಡಿಯುವ ವಾಸನೆ ಅಸಹ್ಯ ನಿಜ, ಆದರೆ ವಾಸನೆಯಿಂದ ರೋಗ ಬರುತ್ತದೆ ಎಂಬ ನಂಬಿಕೆಯನ್ನು ವೈದ್ಯಶಾಸ್ತ್ರ ಹತ್ತೊಂಬತ್ತನೇ ಶತಮಾನದಲ್ಲೇ ಬಿಟ್ಟಿತು. ರೋಗ ಹರಡುವುದಿದ್ದರೆ ಅದು ಬದುಕಿ ಉಳಿದವರಿಂದ, ಶಿಬಿರಗಳ ನೂಕುನುಗ್ಗಲಿನಿಂದ, ಶೌಚದ ನೀರು ಕುಡಿಯುವ ನೀರಿಗೆ ಸೇರುವುದರಿಂದ.

ಹೈಟಿಯಲ್ಲಿ ನಡೆದದ್ದು ನೋಡಿ. 2010ರ ಜನವರಿ 12ರ ಭೂಕಂಪದ ಬಳಿಕ ಸಾವಿರಾರು ಶವಗಳನ್ನು ಟಿಪ್ಪರ್ ಲಾರಿಗಳಲ್ಲಿ ತುಂಬಿ ರಾಜಧಾನಿಯ ಹೊರಗಿನ ಟಿಟಾನ್ಯೆನ್ ಎಂಬಲ್ಲಿ ಗುಂಡಿಗಳಿಗೆ ಸುರಿಯಲಾಯಿತು. ಫೋಟೊ ಇಲ್ಲ, ಸಂಖ್ಯೆ ಇಲ್ಲ, ಎಣಿಕೆಯೂ ಇಲ್ಲ. ಸತ್ತವರು ಒಂದು ಲಕ್ಷವೋ ಮೂರು ಲಕ್ಷವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆ ಶವಗಳಿಂದ ಯಾವ ಸಾಂಕ್ರಾಮಿಕವೂ ಏಳಲಿಲ್ಲ. ಕಾಲರಾ ಬಂದದ್ದು ಅಕ್ಟೋಬರಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲಿನ ನೀರು ನದಿಗೆ ಸೇರಿದ್ದರಿಂದ. ಸುಮಾರು ಹತ್ತು ಸಾವಿರ ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕ್ಷಮೆ ಕೇಳಿದರು. ಸತ್ತವರಿಗೆ ಹೆದರಿ ಗುಂಡಿ ತೋಡಿದ ದೇಶಕ್ಕೆ ರೋಗ ತಂದವರು ಬದುಕಿದ್ದವರು, ಅದೂ ನೆರವಿಗೆಂದು ಬಂದವರು.

ಇದಕ್ಕೆ ಅಪವಾದಗಳಿವೆ. ಎಬೋಲಾದಿಂದ ಸತ್ತವರ ದೇಹ ನಿಜಕ್ಕೂ ಅಪಾಯಕಾರಿ. 2014ರಿಂದ ಪಶ್ಚಿಮ ಆಫ್ರಿಕಾದಲ್ಲಿ ಆ ರೋಗ ಹಬ್ಬಿದ ದಾರಿಗಳಲ್ಲಿ ಶವಸಂಸ್ಕಾರವೂ ಒಂದು. ಕಾಲರಾದಿಂದ ಸತ್ತವರ ವಿಷಯದಲ್ಲೂ ಎಚ್ಚರ ಬೇಕು. ಉಳಿದಂತೆ ಶವ ಎತ್ತುವವರು ಕೈಗವಸು, ಬೂಟು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದರೆ ಸಾಕು. ಸುಣ್ಣ ಎರಚುವುದು, ಬ್ಲೀಚಿಂಗ್ ಪೌಡರ್ ಚೆಲ್ಲುವುದು ಏನೋ ಮಾಡಿದೆವೆಂಬ ಸಮಾಧಾನಕ್ಕೆ ಮಾತ್ರ.

ಹಾಗಾದರೆ ತಡಮಾಡಬಹುದೇ? ಅದೂ ಆಗದು. ಸೆಕೆಯ ನಾಡುಗಳಲ್ಲಿ ಹನ್ನೆರಡರಿಂದ ನಲವತ್ತೆಂಟು ಗಂಟೆಯೊಳಗೆ ಮುಖ ಗುರುತು ಸಿಗದಂತೆ ಬದಲಾಗಿಬಿಡುತ್ತದೆ. ಆದ್ದರಿಂದ ಬೇಗ ಆಗಬೇಕಾದದ್ದು ಹೂಳುವುದಲ್ಲ, ಫೋಟೊ ತೆಗೆಯುವುದು. ಅಷ್ಟು ಹೊತ್ತಿಗೆ ತಜ್ಞರು ಬಂದಿರುವುದಿಲ್ಲ. ಇರುವವರು ಪಕ್ಕದ ಬೀದಿಯವರು, ಪೊಲೀಸರು, ಸ್ವಯಂಸೇವಕರು. 2004ರ ಸುನಾಮಿಯಲ್ಲಿ ಈ ಮಾತು ಎಲ್ಲರಿಗೂ ಮನದಟ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ರೆಡ್‌ಕ್ರಾಸ್ ಸಂಸ್ಥೆಗಳೂ ಸೇರಿ 2006ರಲ್ಲಿ ಹೊರತಂದ ಕೈಪಿಡಿ ಇಂಥ ಸಾಮಾನ್ಯರಿಗಾಗಿಯೇ ಬರೆದದ್ದು. ಸಿಕ್ಕ ಸ್ಥಳ, ಎತ್ತಿದ ತಂಡ, ಎಷ್ಟನೆಯ ದೇಹ ಎಂಬುದನ್ನು ಸೇರಿಸಿ ಒಂದು ಸಂಖ್ಯೆ ಮಾಡಿ, ನೀರಿಗೆ ಅಳಿಸದ ಚೀಟಿಯಲ್ಲಿ ಬರೆದು ದೇಹಕ್ಕೂ ಚೀಲಕ್ಕೂ ಕಟ್ಟಿ ಎನ್ನುತ್ತದೆ ಅದು. ಇಡೀ ದೇಹದ್ದು, ನೇರವಾಗಿ ಮುಖದ್ದು, ಬಟ್ಟೆಯದ್ದು, ಮಚ್ಚೆ-ಗಾಯದ ಗುರುತುಗಳದ್ದು ಫೋಟೊ ತೆಗೆಯಬೇಕು. ಪ್ರತಿ ಫೋಟೊದಲ್ಲೂ ಆ ಸಂಖ್ಯೆ ಕಾಣಲೇಬೇಕು. ಸಂಖ್ಯೆಯಿಲ್ಲದ ಸಾವಿರ ಫೋಟೊಗಳು ಒಂದೂ ಇಲ್ಲದಂತೆಯೇ.

ಆಮೇಲೆ ತಂಪು. ಎರಡರಿಂದ ನಾಲ್ಕು ಡಿಗ್ರಿಯಲ್ಲಿ ಇಡುವ ಶೀತಲ ಕಂಟೇನರುಗಳು ಸಿಕ್ಕರೆ ಒಳ್ಳೆಯದು, ಮೊದಲ ದಿನಗಳಲ್ಲಿ ಸಿಗುವುದು ಕಡಿಮೆ. ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಇದ್ದರೆ ಇಪ್ಪತ್ತರಷ್ಟು ದೇಹಗಳ ಸುತ್ತ ಅದರ ಮೋಟುಗೋಡೆ ಕಟ್ಟಿ ಮೇಲೆ ಹೊದಿಕೆ ಹಾಸುತ್ತಾರೆ. ದೇಹದ ಮೇಲೆ ನೇರವಾಗಿ ಇಟ್ಟರೆ ಚರ್ಮ ಹಾಳಾಗುತ್ತದೆ. ದಿನಕ್ಕೆ ದೇಹವೊಂದಕ್ಕೆ ಹತ್ತು ಕಿಲೋ ಬೇಕು. ಮಾಮೂಲಿ ಮಂಜುಗಡ್ಡೆ ಕರಗಿ ಎಲ್ಲೆಡೆ ಕೆಸರೆಬ್ಬಿಸುತ್ತದೆ. ಇದಾವುದೂ ಇಲ್ಲದ ಕಡೆ ತಜ್ಞರು ಸೂಚಿಸುವ ದಾರಿ ಕೇಳಿ ಮೊದಲು ನನಗೂ ಅಚ್ಚರಿಯಾಯಿತು: ತಾತ್ಕಾಲಿಕವಾಗಿ ಹೂಳಿ. ನೆಲದೊಳಗೆ ಮೇಲಿಗಿಂತ ತಂಪು. ಒಂದೂವರೆ ಮೀಟರ್ ಆಳದ ಕಂದಕ, ಕುಡಿಯುವ ನೀರಿನ ಮೂಲದಿಂದ ದೂರ, ದೇಹಗಳು ಪಕ್ಕಪಕ್ಕದಲ್ಲಿ ಒಂದೇ ಸಾಲಾಗಿ, ನಡುವೆ ಅಂತರ, ಪ್ರತಿಯೊಂದರ ಸಂಖ್ಯೆ ನೆಲದ ಮೇಲೂ. ಟಿಟಾನ್ಯೆನ್‌ನ ಗುಂಡಿಗೂ ಇದಕ್ಕೂ ವ್ಯತ್ಯಾಸವೆಂದರೆ, ಇಲ್ಲಿ ಹೂಳುವುದು ಮತ್ತೆ ಎತ್ತಲಿಕ್ಕೆ. ಸುಟ್ಟರೆ ಆ ದಾರಿಯೂ ಮುಚ್ಚಿತು.

ಗುರುತು ಹಿಡಿಯುವ ವಿಷಯಕ್ಕೆ ಬಂದರೆ, ನಾವು ಅತಿಯಾಗಿ ನಂಬುವುದು ಮುಖವನ್ನು. ಮೋಸ ಮಾಡುವುದೂ ಅದೇ. ಊದಿದ, ಕಪ್ಪಿಟ್ಟ ಮುಖಗಳ ಸಾಲಿನ ಮುಂದೆ ನಿಂತ ಅಪ್ಪ ಅಮ್ಮಂದಿರು ಹುಡುಕುತ್ತಿರುವುದು ತಮ್ಮ ಮಗುವನ್ನು. ಆ ಹೊತ್ತಿನಲ್ಲಿ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ, ಇಲ್ಲವೇ ನೋಡಲು ಒಲ್ಲದ್ದನ್ನು ಬಿಟ್ಟುಬಿಡುತ್ತದೆ. ಒಂದು ತಪ್ಪಿಗೆ ಎರಡು ಮನೆಗಳು ಬಲಿ: ಒಬ್ಬರು ಬೇರೆಯವರ ಮಗನಿಗೆ ಸಂಸ್ಕಾರ ಮಾಡಿರುತ್ತಾರೆ, ಇನ್ನೊಬ್ಬರು ಇಲ್ಲದ ದೇಹವನ್ನು ಹುಡುಕುತ್ತಲೇ ಇರುತ್ತಾರೆ. ಹೀಗಾಗಿ ದೇಶದೇಶಗಳ ಪೊಲೀಸರ ಒಕ್ಕೂಟವಾದ ಇಂಟರ್‌ಪೋಲ್‌ನ ನಿಯಮದಲ್ಲಿ ಗಟ್ಟಿ ಸಾಕ್ಷ್ಯಗಳು ಮೂರೇ: ಬೆರಳಚ್ಚು, ಹಲ್ಲು, ಡಿಎನ್‌ಎ. ಮನೆಯವರಿಂದ ಕೇಳಿ ತಿಳಿದ ವಿವರಗಳಿಗೆ ಹಳದಿ ನಮೂನೆ, ದೇಹದಿಂದ ತಿಳಿದದ್ದಕ್ಕೆ ಗುಲಾಬಿ ನಮೂನೆ. ಒಂದು ಹಳದಿಗೆ ಒಂದು ಗುಲಾಬಿ ಜೊತೆಯಾದಾಗ ಸಂಖ್ಯೆಯ ಜಾಗಕ್ಕೆ ಹೆಸರು ಬರುತ್ತದೆ.

ಹಲ್ಲಿನ ಕಥೆ ಹಳೆಯದು. 1897ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒಂದು ದತ್ತಿ ಸಂತೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಸಿರಿವಂತ ಮನೆತನದ ಹೆಂಗಸರು, ಸುಟ್ಟುಹೋದರು. ಅವರಲ್ಲಿ ಒಬ್ಬಳಾದ ಅಲಾಂಸೋನ್‌ನ ಡಚೆಸ್‌ಳ ದೇಹ ಯಾವುದೆಂದು ತಿಳಿಸಿದ್ದು ಆಕೆಯ ದಂತವೈದ್ಯ, ತಾನೇ ಮಾಡಿದ್ದ ಹಲ್ಲಿನ ಕೆಲಸವನ್ನು ನೋಡಿ. ಸುನಾಮಿಯ ಬಳಿಕ ಥಾಯ್ಲೆಂಡಿನಲ್ಲೂ ಮೊದಲ ತಿಂಗಳುಗಳಲ್ಲಿ ಅತಿ ಹೆಚ್ಚು ಗುರುತು ಪತ್ತೆಯಾದದ್ದು ಹಲ್ಲಿನಿಂದಲೇ. ಅಲ್ಲಿ ಸತ್ತ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿದೇಶಿ ಪ್ರವಾಸಿಗರು. ಅವರ ಹಲ್ಲಿನ ಎಕ್ಸ್‌ರೇ ಊರಿನ ದಂತವೈದ್ಯರ ಕಡತದಿಂದ ಫುಕೆಟ್‌ಗೆ ಬಂತು. ಹಲ್ಲುನೋವಿಗೆ ಲವಂಗ ಕಚ್ಚಿ ಬದುಕಿದ ಬಡವರಿಗೆ ಅಂಥ ಕಡತ ಎಲ್ಲಿಂದ ಬರಬೇಕು? ಅವರ ಮನೆಯವರು ಹೆಚ್ಚು ಕಾಯಬೇಕಾಯಿತು. ಮೆಕೇ-ಬೆನೆಟ್‌ನಲ್ಲೂ ಹೀಗೇ ಆಗಿತ್ತು. ಶವ ಕೆಡದಂತಿಡುವ ಸಾಮಗ್ರಿ ಸಾಲದೆ 116 ದೇಹಗಳನ್ನು ಸಮುದ್ರಕ್ಕೇ ಬಿಟ್ಟರು, ಮೊದಲ ದರ್ಜೆಯ ಪ್ರಯಾಣಿಕರನ್ನು ಪೆಟ್ಟಿಗೆಯಲ್ಲಿಟ್ಟು ದಡಕ್ಕೆ ತಂದರು.

ಗುರುತು ಪತ್ತೆಯ ಹೆಸರಿನಲ್ಲಿ ಹೃದಯಹೀನ ಕೆಲಸಗಳೂ ನಡೆದಿವೆ. 1989ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಮಾರ್ಷನೆಸ್ ಎಂಬ ವಿಹಾರದೋಣಿ ಮುಳುಗಿ 51 ಮಂದಿ ಸತ್ತರು. ಬೆರಳಚ್ಚು ತೆಗೆಯಲು ಅನುಕೂಲವೆಂದು 25 ಜನರ ಕೈಗಳನ್ನೇ ಕತ್ತರಿಸಿ ಒಯ್ಯಲಾಗಿತ್ತು. ಮನೆಯವರಿಗೆ ಒಂದು ಮಾತು ಹೇಳಿರಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ಕ್ಲಾರ್ಕ್ ಅವರ ವಿಚಾರಣಾ ವರದಿ ಇದನ್ನು ಖಂಡಿಸಿ, ಮನೆಯವರಿಗೆ ನಿಜ ಹೇಳುವುದು, ಸತ್ತವರನ್ನು ಗೌರವದಿಂದ ಕಾಣುವುದು ಗುರುತು ಪತ್ತೆಯ ಭಾಗವೇ ಎಂದಿತು.

ಡಿಎನ್‌ಎ ಬಂದ ಮೇಲೆ ಎಲ್ಲ ಸುಲಭ ಎಂಬ ಭಾವನೆ ಹಬ್ಬಿದೆ. ಡಿಎನ್‌ಎ ತಾನಾಗಿ ಹೆಸರು ಹೇಳುವುದಿಲ್ಲ. ಹೋಲಿಸಿ ನೋಡಲು ಅಪ್ಪ, ಅಮ್ಮ, ಮಕ್ಕಳು ಯಾರಾದರೂ ಉಳಿದಿರಬೇಕು. ಇಡೀ ಮನೆಯೇ ಕೊಚ್ಚಿಹೋಗಿದ್ದರೆ? 2024ರ ಜುಲೈ 30ರ ವಯನಾಡಿನ ಭೂಕುಸಿತದಲ್ಲಿ ದೇಹದ ಭಾಗಗಳು ಚಾಲಿಯಾರ್ ನದಿಯಲ್ಲಿ ಬಹುದೂರ ತೇಲಿಹೋದವು. ಒಬ್ಬರದೇ ಭಾಗಗಳು ಬೇರೆ ಬೇರೆ ಕಡೆ ಸಿಕ್ಕರೆ ಲೆಕ್ಕವೇ ತಪ್ಪುತ್ತದೆ. ಗುರುತು ಸಿಗದವುಗಳನ್ನು ಪುತ್ತುಮಲದಲ್ಲಿ ಸಂಖ್ಯೆ ಹಾಕಿ ಹೂಳಿದರು, ಮುಂದೆಂದಾದರೂ ಹೆಸರು ಸಿಗಲಿ ಎಂದು. 2001ರ ದಾಳಿಯಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ ಸತ್ತ 2,753 ಜನರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಮಂದಿಯ ಗುರುತು ಎರಡು ದಶಕ ದಾಟಿದರೂ ಆಗಿಲ್ಲ. ಬೆಂಕಿ ಮತ್ತು ನೀರಿಗೆ ಸಿಕ್ಕ ಮೂಳೆಚೂರುಗಳ ಡಿಎನ್‌ಎ ಶಿಥಿಲವಾಗಿದೆ. ಹಾಗಿದ್ದೂ ಪ್ರಯೋಗಾಲಯ ಕೆಲಸ ಬಿಟ್ಟಿಲ್ಲ. ತಂತ್ರ ಸುಧಾರಿಸಿದಂತೆ ಅದೇ ಚೂರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಇನ್ನು ದೇಹವೇ ಸಿಗದವರ ಮನೆಯವರು. ಅಮೆರಿಕದ ಮನೋವಿಜ್ಞಾನಿ ಪಾಲಿನ್ ಬಾಸ್ ಈ ಸ್ಥಿತಿಯನ್ನು ಕೊನೆಯಿಲ್ಲದ, ಅಸ್ಪಷ್ಟವಾದ ನಷ್ಟವೆಂದು ವಿವರಿಸಿದ್ದಾರೆ. ಅತ್ತರೆ ಕೊಂದಂತೆ, ಅಳದಿದ್ದರೆ ಬದುಕು ಸಾಗದು. ತಟ್ಟೆ ಇಡಬೇಕೋ ಬೇಡವೋ ಎಂಬುದೂ ತಿಳಿಯದ ಮನೆ ಅದು. ಕಾನೂನು ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ: ಕಾಣೆಯಾದವರನ್ನು ಸತ್ತವರೆಂದು ತಿಳಿಯಲು ಹಲವು ದೇಶಗಳಲ್ಲಿ ಏಳು ವರ್ಷ ಕಾಯಬೇಕು. ಅಲ್ಲಿಯವರೆಗೆ ಹೆಂಡತಿ ವಿಧವೆಯಲ್ಲ, ಆಸ್ತಿ ವರ್ಗಾವಣೆಯಾಗದು, ವಿಮೆಯ ಹಣ ಬಾರದು. 2011ರ ಸುನಾಮಿಯ ನಂತರ ಜಪಾನ್ ಕೆಲವೇ ತಿಂಗಳಲ್ಲಿ ನಿಯಮ ಸಡಿಲಿಸಿ, ದೇಹವಿಲ್ಲದೆಯೇ ಮರಣ ನೋಂದಣಿಗೆ ಅವಕಾಶ ಕೊಟ್ಟಿತು. 2013ರ ಉತ್ತರಾಖಂಡದ ಪ್ರವಾಹದಲ್ಲಿ ಕಾಣೆಯಾದ ಸಾವಿರಾರು ಜನರಿಗೂ ವಿಶೇಷ ಕ್ರಮ ಜಾರಿಗೆ ಬಂತು. ಪ್ರಮಾಣಪತ್ರವೇನೋ ಸಿಕ್ಕಿತು. ಆದರೂ ಜಪಾನಿನ ಕರಾವಳಿಯಲ್ಲಿ ಪೊಲೀಸರು ವರ್ಷ ವರ್ಷವೂ ಮಾರ್ಚಿನಲ್ಲಿ ಮರಳು ಕೆದಕಿ ಹುಡುಕುತ್ತಾರೆ. ಅಲ್ಲಿ ಇನ್ನೂ ಸುಮಾರು 2,500 ಮಂದಿಯ ಪತ್ತೆಯಿಲ್ಲ.

ನಾಲ್ಕನೇ ಸಂಖ್ಯೆಯ ಮಗುವಿಗೆ ಮೆಕೇ-ಬೆನೆಟ್‌ನ ನಾವಿಕರೇ ತಂದೆತಾಯಿಯಾದರು. ಪುಟ್ಟ ಶವಪೆಟ್ಟಿಗೆಯನ್ನು ಅವರೇ ಹೊತ್ತರು, ಗೋರಿಯ ಕಲ್ಲಿಗೆ ಅವರೇ ಹಣ ಕೂಡಿಸಿದರು. ಸತ್ತವರ ಬಟ್ಟೆಗಳನ್ನು ಯಾರೂ ಕದ್ದು ಮಾರಬಾರದೆಂದು ಸುಟ್ಟುಹಾಕಲಾಯಿತು. ಆ ಕೆಲಸದಲ್ಲಿದ್ದ ಪೊಲೀಸ್ ಸಾರ್ಜೆಂಟ್ ಒಬ್ಬರಿಗೆ ಒಂದು ಜೊತೆ ಕಂದು ಬೂಟನ್ನು ಬೆಂಕಿಗೆ ಹಾಕಲು ಕೈ ಬರಲಿಲ್ಲ. ಅದನ್ನು ಠಾಣೆಯ ಮೇಜಿನ ಖಾನೆಯಲ್ಲಿಟ್ಟುಕೊಂಡರು. 2001ರಲ್ಲಿ ಗೋರಿ ತೆರೆದಾಗ ಸಿಕ್ಕದ್ದು ಮೂರು ಹಾಲುಹಲ್ಲು ಮತ್ತು ಒಂದು ಮೂಳೆಚೂರು. ಮರುವರ್ಷ ಡಿಎನ್‌ಎ ಆಧಾರದ ಮೇಲೆ ಅದು ಫಿನ್ಲೆಂಡಿನ ಹದಿಮೂರು ತಿಂಗಳ ಮಗುವೆಂದು ಘೋಷಿಸಿದರು. ಅದೇ ಹೊತ್ತಿಗೆ ಸಾರ್ಜೆಂಟರ ಮೊಮ್ಮಗ ಬೂಟುಗಳನ್ನು ಹ್ಯಾಲಿಫ್ಯಾಕ್ಸಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಹದಿಮೂರು ತಿಂಗಳ ಕಾಲಿಗೆ ಅವು ತೀರಾ ದೊಡ್ಡವು. ವಿಜ್ಞಾನಿಗಳು ಮತ್ತೆ ಪರೀಕ್ಷೆಗೆ ಕೂತರು. ತಾಯಿಯ ಕಡೆಯಿಂದ ಮಾತ್ರ ಬರುವ ಡಿಎನ್‌ಎಯನ್ನು ಇನ್ನಷ್ಟು ವಿವರವಾಗಿ ಹೋಲಿಸಿದಾಗ, 2007ರಲ್ಲಿ, ಇನ್ನೊಂದು ಹೆಸರು ಸಿಕ್ಕಿತು: ಇಂಗ್ಲೆಂಡಿನಿಂದ ಹೊರಟು, ಅಪ್ಪ ಅಮ್ಮ ಮತ್ತು ಐವರು ಒಡಹುಟ್ಟಿದವರೊಂದಿಗೆ ಮುಳುಗಿದ ಹತ್ತೊಂಬತ್ತು ತಿಂಗಳ ಗಂಡುಮಗು.

ಆ ಮಗುವಿನ ಗೋರಿ ಇರುವ ಫೇರ್‌ವ್ಯೂ ಸ್ಮಶಾನದಲ್ಲಿ ಟೈಟಾನಿಕ್‌ನ 121 ಮಂದಿ ಮಲಗಿದ್ದಾರೆ. ಮೂರರಲ್ಲಿ ಒಂದರಷ್ಟು ಕಲ್ಲುಗಳ ಮೇಲೆ ಇಂದಿಗೂ ಹೆಸರಿಲ್ಲ. ಸತ್ತ ದಿನಾಂಕ ಇದೆ, ಅದರ ಕೆಳಗೆ ಬಾರ್ನ್‌ಸ್ಟೆಡ್ ಪದ್ಧತಿಯ ಸಂಖ್ಯೆ ಇದೆ.