ಶರ: ಜ್ಯಾ ಅಳೆದು ತ್ರಿಜ್ಯ ಕಾಣುವ ಬಗೆ

ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಗೆ ಜ್ಯಾ ಎಂದು ಹೆಸರು. ಸಂಸ್ಕೃತದ ಈ ಪದಕ್ಕೆ ಬಿಲ್ಲಿನ ಹೆದೆ ಎಂದೇ ಅರ್ಥ. ಕಂಸವನ್ನು ಬಿಲ್ಲೆಂದು ಬಗೆದರೆ, ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ನೇರವಾಗಿ ಹೂಡಿದ ಬಾಣದ ಉದ್ದವೇ ಶರ. ಶಾಲೆ ಕಲಿತವರಿಗೆಲ್ಲ ಜ್ಯಾ ಗೊತ್ತು, ಶರ ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ. ಆದರೆ ತ್ರಿಜ್ಯವನ್ನು ಹಿಡಿದುಕೊಡುವುದು ಅದೇ, ಏಕೆಂದರೆ ಜ್ಯಾದ ಉದ್ದವೊಂದೇ ತಿಳಿದಿದ್ದರೆ ಅದಕ್ಕೆ ಹೊಂದುವ ವೃತ್ತಗಳು ಲೆಕ್ಕವಿಲ್ಲದಷ್ಟಿರುತ್ತವೆ.

ಒಡೆದ ಗಾಜಿನ ಬಳೆಯ ಒಂದು ಚೂರಿನಿಂದ ಇಡೀ ಬಳೆಯ ಅಳತೆ ತಿಳಿಯಬೇಕಾಗಿದೆ ಎನ್ನಿ. ಚೂರನ್ನು ಕಾಗದದ ಮೇಲಿಟ್ಟು, ಒಳಅಂಚಿನ ಗುಂಟ ಪೆನ್ಸಿಲ್ ಎಳೆದು, ಗೆರೆಯ ಎರಡು ತುದಿಗಳನ್ನು ಸೇರಿಸಿದಾಗ ಜ್ಯಾ 48 ಮಿ.ಮೀ. ಬಂದಿತು, ಅದರ ಮಧ್ಯಬಿಂದುವಿನಿಂದ ಲಂಬ ಎಳೆದು ಕಂಸದವರೆಗೆ ಅಳೆದಾಗ ಶರ 12 ಮಿ.ಮೀ. ಬಂದಿತು. ಈ ಲಂಬವನ್ನು ಹಿಂದಕ್ಕೆ ಬೆಳೆಸಿದರೆ ಅದು ವೃತ್ತಕೇಂದ್ರದ ಮೂಲಕವೇ ಹಾಯುತ್ತದೆ. ಕೇಂದ್ರ, ಜ್ಯಾದ ಮಧ್ಯಬಿಂದು ಮತ್ತು ಜ್ಯಾದ ಒಂದು ತುದಿ ಸೇರಿ ಲಂಬಕೋನ ತ್ರಿಭುಜವಾಗುತ್ತದೆ. ಅದರ ವಿಕರ್ಣವೇ ತ್ರಿಜ್ಯ, ಒಂದು ಬಾಹು ಅರ್ಧ ಜ್ಯಾ, ಅಂದರೆ 24, ಇನ್ನೊಂದು ಬಾಹು ತ್ರಿಜ್ಯದಲ್ಲಿ 12 ಕಳೆದು ಉಳಿದದ್ದು. ಪೈಥಾಗೊರಸ್ ಪ್ರಮೇಯದಂತೆ ಬರೆದು ಬಿಡಿಸಿದರೆ ತ್ರಿಜ್ಯದ ವರ್ಗ ಎರಡೂ ಕಡೆ ಹೊಡೆದುಹೋಗಿ, ಅರ್ಧ ಜ್ಯಾದ ವರ್ಗವನ್ನು ಶರದಿಂದ ಭಾಗಿಸಿ ಬಂದದ್ದಕ್ಕೆ ಶರವನ್ನೇ ಕೂಡಿಸಿದರೆ ವ್ಯಾಸ ಎಂಬ ಸರಳ ಸೂತ್ರ ಉಳಿಯುತ್ತದೆ. ಇಲ್ಲಿ 576 ÷ 12 = 48, ಅದಕ್ಕೆ 12 ಕೂಡಿದರೆ 60; ತ್ರಿಜ್ಯ 30 ಮಿ.ಮೀ. ಬಳೆಯಂಗಡಿಯ ಲೆಕ್ಕದಲ್ಲಿ ಇದು 2-6ರ ಬಳೆ, ಅಂದರೆ ಒಳವ್ಯಾಸ 2 ಇಂಚಿನ ಮೇಲೆ ಇಂಚಿನ ಹದಿನಾರರಲ್ಲಿ 6 ಭಾಗ, ಸುಮಾರು 60.3 ಮಿ.ಮೀ.

1150ರಲ್ಲಿ ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯಲ್ಲಿ ಇದೇ ಸೂತ್ರವಿದ್ದು, ಅಲ್ಲಿಯ ಉದಾಹರಣೆಯಲ್ಲಿ ಜ್ಯಾ 6, ಶರ 1, ವ್ಯಾಸ 10. ತ್ರಿಜ್ಯ ಎಂಬ ಪದದೊಳಗೂ ಜ್ಯಾ ಅಡಗಿರುವುದು ಆಕಸ್ಮಿಕವಲ್ಲ: ಖಗೋಳ ಗಣಿತದಲ್ಲಿ ಅರ್ಧ ಜ್ಯಾವನ್ನೇ ಜ್ಯಾ ಎನ್ನುವ ರೂಢಿಯಿತ್ತು, ಮೂರು ರಾಶಿಗಳ, ಅಂದರೆ 90 ಡಿಗ್ರಿಯ ಜ್ಯಾ ವೃತ್ತದ ಅರ್ಧವ್ಯಾಸಕ್ಕೆ ಸಮನಾಗುತ್ತದೆ.

ಜ್ಯಾ ಅಳೆಯುವಾಗ ಕೂದಲೆಳೆಯಷ್ಟು ತಪ್ಪಿದರೂ ನಡೆದೀತು, ಶರದ ವಿಷಯದಲ್ಲಿ ಮಾತ್ರ ಕೈ ಬಿಗಿಯಾಗಿರಬೇಕು. ಮೇಲಿನ ಚೂರಿನಲ್ಲಿ ಶರವನ್ನು 11 ಎಂದು ಓದಿಕೊಂಡರೆ ವ್ಯಾಸ 63.4 ಮಿ.ಮೀ. ಆಗಿ, 2-6ರ ಕೈಗೆ 2-8ರ ಬಳೆ ಬರುತ್ತದೆ.