ಹಳೆಯ ಪ್ರಾಜೆಕ್ಟು ತನ್ನ ಕಾಲದ ಲೈಬ್ರರಿಗಳನ್ನೇ ಕೇಳುತ್ತದೆ

ವಿಜಯಪುರದ ಸುತ್ತಲಿನ ದ್ರಾಕ್ಷಿ ತೋಟಗಳ ಎಲೆಯ ಚಿತ್ರ ನೋಡಿ ಬೂದಿ ರೋಗ ಗುರುತಿಸುವ ತಂತ್ರಾಂಶವೊಂದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು 2019ರ ಕೊನೆಗೆ ಪೈಥಾನ್ ಭಾಷೆಯಲ್ಲಿ ಬರೆದಿಟ್ಟಿದ್ದಾರೆ ಎಂದುಕೊಳ್ಳೋಣ. ಇಂದಿನ ಕಿರಿಯರು ಅದನ್ನು ಮುಂದುವರಿಸಲು ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ, ಕೋಡಿನಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಅದು ಓಡುವುದಿಲ್ಲ.

ಮೊದಲ ತಡೆ, ಯಂತ್ರಕಲಿಕೆಗೆ ಬಳಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಂತೆ) ಟೆನ್ಸರ್‌ಫ್ಲೋ 1.15. ಅಂಥ ಆವೃತ್ತಿಯೇ ಸಿಗುತ್ತಿಲ್ಲವೆಂದು, ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಸಾಧನವಾದ ಪಿಪ್ ಹೇಳುತ್ತದೆ. ಆವೃತ್ತಿ ಪೈಥಾನ್ ಲೈಬ್ರರಿಗಳ ಆನ್‌ಲೈನ್ ಭಂಡಾರದಲ್ಲಿಯೇ ಇದೆ. ಆದರೆ ಅದನ್ನು ಪೈಥಾನ್ 3.7ರವರೆಗೆ ಮಾತ್ರ ಸಿದ್ಧಪಡಿಸಲಾಗಿತ್ತು. ಆದ್ದರಿಂದ ಲೈಬ್ರರಿಗಳನ್ನು ಮುಟ್ಟುವ ಮೊದಲು ಆ ಕಾಲದ ಪೈಥಾನನ್ನು ತಂದು, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಒಂದು ಪ್ರಾಜೆಕ್ಟಿನ ಲೈಬ್ರರಿಗಳಿಗೇ ಮೀಸಲಾದ ಜಾಗ) ಕೆಲಸ ಶುರುಮಾಡಬೇಕು. ಒಂದು ಎನ್ವಿರಾನ್‌ಮೆಂಟ್‌ನಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರಲು ಸಾಧ್ಯವಾದ್ದರಿಂದ ಈ ಪ್ರತ್ಯೇಕತೆ ಅನಿವಾರ್ಯ.

ಇಷ್ಟಾದ ಮೇಲೆ ಎಲ್ಲವೂ ತಕರಾರಿಲ್ಲದೆ ಇನ್‌ಸ್ಟಾಲ್ ಆಗಿ, ಓಡಿಸಿದಾಗ ಪ್ರೋಟೊಬಫ್ (ದತ್ತಾಂಶವನ್ನು ಕಟ್ಟಿಡಲು ಟೆನ್ಸರ್‌ಫ್ಲೋ ಬಳಸುವ ಇನ್ನೊಂದು ಲೈಬ್ರರಿ) ಹೆಸರಿನ ದೋಷ ತೋರಿಸಿ ನಿಂತುಬಿಡುತ್ತದೆ. ಸಮಸ್ಯೆಯ ತಿರುಳಿರುವುದು ಇಲ್ಲಿಯೇ. ತನಗೆ ಪ್ರೋಟೊಬಫ್ 3.6.1 ಅಥವಾ ಅದಕ್ಕಿಂತ ಹೊಸದು ಬೇಕೆಂದಷ್ಟೇ ಟೆನ್ಸರ್‌ಫ್ಲೋ 1.15 ಬರೆದುಕೊಂಡಿತ್ತು, ಮೇಲಿನ ಮಿತಿಯನ್ನು ಹೇಳಿರಲಿಲ್ಲ. 2022ರ ಮೇ ತಿಂಗಳಲ್ಲಿ ಬಂದ ಪ್ರೋಟೊಬಫ್ 4.21 ಆ ಷರತ್ತಿಗೆ ಸರಿಹೊಂದುತ್ತದೆ, ಆದರೆ ಹಳೆಯ ಸಾಧನದಿಂದ ತಯಾರಾದ ಕೋಡನ್ನು ಒಪ್ಪುವುದಿಲ್ಲ. ಪಿಪ್ ಕಾಗದದ ಮೇಲಿನ ಷರತ್ತನ್ನು ಮಾತ್ರ ಓದಬಲ್ಲದು. ಬರೆಯದೆ ಉಳಿದ ಘರ್ಷಣೆ ಅದಕ್ಕೆ ಕಾಣದು. ತರಬೇತಿಗೊಂಡ ಮಾದರಿಯನ್ನು ಕಡತದಿಂದ ಓದುವ ಎಚ್5ಪೈ ಲೈಬ್ರರಿಯ ಕಥೆಯೂ ಇದೇ: 2020ರ ಅಕ್ಟೋಬರ್‌ನಲ್ಲಿ ಬಂದ ಅದರ 3ನೇ ಆವೃತ್ತಿ, ಹಿಂದೆ ಬೈಟ್‌ಗಳಾಗಿ ಕೊಡುತ್ತಿದ್ದುದನ್ನು ಪಠ್ಯವಾಗಿ (ಸ್ಟ್ರಿಂಗ್) ಕೊಡತೊಡಗಿದ್ದರಿಂದ ಹಳೆಯ ಕೋಡು ಎಡವುತ್ತದೆ. ಪ್ರೋಟೊಬಫನ್ನು 3.20ಕ್ಕೂ ಎಚ್5ಪೈಯನ್ನು 2.10ಕ್ಕೂ ಕಟ್ಟಿಹಾಕಿದರೆ ಎರಡೂ ತಡೆಗಳು ನೀಗುತ್ತವೆ. ಪ್ರಾಜೆಕ್ಟಿನ ಕೊನೆಯ ಬದಲಾವಣೆಯ ದಿನಾಂಕ ನೋಡಿ, ಪ್ರತಿ ಲೈಬ್ರರಿಯ ಬಿಡುಗಡೆಯ ಇತಿಹಾಸದಲ್ಲಿ ಅದಕ್ಕೂ ಹಿಂದಿನ ಆವೃತ್ತಿಯನ್ನು ಆರಿಸಿಕೊಂಡರೆ ಇಂಥ ತೊಡಕುಗಳು ಬಹುಮಟ್ಟಿಗೆ ತಪ್ಪುತ್ತವೆ.

ಕೆಲವೊಮ್ಮೆ ಹಿರಿಯರು ಬಿಟ್ಟುಹೋದ, ಬೇಕಾದ ಲೈಬ್ರರಿಗಳ ಪಟ್ಟಿಯೇ ತನ್ನೊಳಗೆ ಜಗಳವಾಡುತ್ತದೆ. 2020ರ ನವೆಂಬರ್‌ನಲ್ಲಿ ಬಂದ 20.3ಕ್ಕಿಂತ ಮುಂಚಿನ ಪಿಪ್, ಪರಸ್ಪರ ಹೊಂದದ ಷರತ್ತುಗಳಿದ್ದರೂ ಮೊದಲು ಸಿಕ್ಕದ್ದನ್ನು ಹಿಡಿದು ಮುಂದೆ ಸಾಗುತ್ತಿತ್ತು. ಹೊಸದು ನಿಲ್ಲಿಸಿ, ಯಾರಿಗೆ ಯಾವುದು ಬೇಕೆಂದು ತಿಳಿಸುತ್ತದೆ. ಆ ಸಂದೇಶವನ್ನು ಸಾಲುಸಾಲಾಗಿ ಓದಿ, ಪ್ರಾಜೆಕ್ಟು ನೇರವಾಗಿ ಬಳಸುವ ಲೈಬ್ರರಿಗಳ ಆವೃತ್ತಿಯನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಸಡಿಲಿಸುವುದು ಒಳ್ಳೆಯದು. ಅಂದಾಜಿನ ಮೇಲೆ ಬದಲಿಸುತ್ತ ಹೋದರೆ ಕೊನೆಯಿಲ್ಲ: 20 ಲೈಬ್ರರಿಗಳಿಗೆ ಹತ್ತತ್ತು ಆವೃತ್ತಿಗಳಿದ್ದರೆ ಜೋಡಣೆಗಳ ಸಂಖ್ಯೆ ಒಂದರ ಮುಂದೆ 20 ಸೊನ್ನೆ. ಎಲ್ಲ ಸಂದರ್ಭಗಳಲ್ಲಿಯೂ ಇದನ್ನು ಬೇಗನೆ ಬಿಡಿಸುವ ವಿಧಾನ ಗಣಕ ವಿಜ್ಞಾನಕ್ಕೆ ಇಂದಿಗೂ ಸಿಕ್ಕಿಲ್ಲ.

ಎಲ್ಲವನ್ನೂ ಮೊದಲೇ ಹೊಸ ಆವೃತ್ತಿಗೆ ಏರಿಸುವುದು ತಪ್ಪು ಹಾದಿ ಎಂಬುದು ನನ್ನ ದೃಢ ಅಭಿಪ್ರಾಯ. ಹಳೆಯ ರೂಪ ಕೊಡುವ ಉತ್ತರ ಕೈಯಲ್ಲಿದ್ದರೆ ಮಾತ್ರ ಹೊಸ ರೂಪದ ಉತ್ತರವನ್ನು ತಾಳೆ ನೋಡಬಹುದು. ಆದರೆ ಪೈಥಾನ್ 3.7ಕ್ಕೆ ಸುರಕ್ಷತಾ ತಿದ್ದುಪಡಿಗಳು 2023ರಲ್ಲಿಯೇ ನಿಂತಿರುವುದರಿಂದ ಈ ಹಳೆಯ ರೂಪವನ್ನು ಸಾರ್ವಜನಿಕ ಸರ್ವರ್‌ನಲ್ಲಿ ಇಡಬಾರದು. ಓಡಿದ ದಿನವೇ ಎಲ್ಲ ಆವೃತ್ತಿಗಳನ್ನು ಪಿಪ್ ಫ್ರೀಜ್ ಆದೇಶದ ಮೂಲಕ ಕಡತಕ್ಕಿಳಿಸಿ, ಆ ಕಡತದಲ್ಲಿ ದಾಖಲಾಗದ ಪೈಥಾನ್ ಆವೃತ್ತಿಯನ್ನು ಪಕ್ಕದಲ್ಲಿ ಕೈಯಾರೆ ಬರೆದಿಡಬೇಕು.