ಇಪ್ಪತ್ತು ಹೆಸರಿಗೆ ಹ್ಯಾಶ್ ಟೇಬಲ್ ಯಾಕ್ರೀ?

ಮೊನ್ನೆ ಜೂನಿಯರ್ ಒಬ್ಬನ ಕೋಡ್ ನೋಡ್ತಾ ಇದ್ದೆ. ಟ್ರಿಪ್ಪಿಗೆ ಬರ್ತೀನಿ ಅಂದವರ ಲಿಸ್ಟ್ ಒಂದು, ದುಡ್ಡು ಕೊಟ್ಟವರದ್ದು ಇನ್ನೊಂದು, ಎರಡರಲ್ಲೂ ಇಪ್ಪತ್ತಿಪ್ಪತ್ತು ಹೆಸರು, ಯಾರ್ಯಾರು ಬಾಕಿ ಅಂತ ಹುಡುಕ್ಬೇಕು ಅಷ್ಟೇ. ಪುಣ್ಯಾತ್ಮ ಅದಕ್ಕೆ ಎರಡು ಹ್ಯಾಶ್ ಟೇಬಲ್ (ಹೆಸರಿಂದಲೇ ಅದರ ಖಾನೆ ಲೆಕ್ಕ ಹಾಕಿ ನೇರ ಅಲ್ಲಿಗೇ ಹೋಗಿ ನೋಡೋ ವ್ಯವಸ್ಥೆ) ಕಟ್ಟಿ ಕೂತಿದ್ದ. ಯಾಕಪ್ಪಾ ಅಂದ್ರೆ "ಲೂಪ್ ಒಳಗೆ ಲೂಪ್ ಹಾಕ್ಬಾರ್ದು ಸಾರ್" ಅಂದ. ಅಂದ್ರೆ ಒಂದು ಲಿಸ್ಟಿನ ಪ್ರತಿ ಹೆಸರನ್ನೂ ಇನ್ನೊಂದು ಲಿಸ್ಟಿನ ಎಲ್ಲಾ ಹೆಸರಿಗೂ ಹೋಲಿಸಿ ನೋಡ್ಬಾರ್ದಂತೆ. ಮಂಗಳವಾರ ಉಗುರು ಕತ್ತರಿಸ್ಬಾರ್ದು ಅಂತಾರಲ್ಲ, ಹಂಗೆ.

ಲೆಕ್ಕ ಹಾಕಿ. 20 ಇಂಟು 20, ಹೆಚ್ಚಂದ್ರೆ 400 ಹೋಲಿಕೆ. ಸೆಕೆಂಡಿಗೆ ನೂರಾರು ಕೋಟಿ ಸಲ ಟಿಕ್ ಅನ್ನೋ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಐವತ್ತೈವತ್ತು ಸಾವಿರ ಆದ್ರೆ 250 ಕೋಟಿ ಆಗತ್ತೆ, ಆಗ ಹ್ಯಾಶ್ ಬೇಕೇ ಬೇಕು, ನಾನೂ ಒಪ್ತೀನಿ.

ಚಿಕ್ಕ ಲಿಸ್ಟಲ್ಲಿ ಸಾದಾ ಲೂಪ್ ಎಷ್ಟೋ ಸಲ ಗೆದ್ದೇ ಬಿಡತ್ತೆ, ಅದರ ಗುಟ್ಟು ಕ್ಯಾಶ್, ಅಂದ್ರೆ ಪ್ರೊಸೆಸರ್ ಪಕ್ಕದಲ್ಲೇ ಇರೋ ಪುಟ್ಟ, ವೇಗದ ಮೆಮೊರಿ. ಒಗ್ಗರಣೆ ಡಬ್ಬಿ ನೆನಪಿಸ್ಕೊಳ್ಳಿ, ಸಾಸಿವೆ ಬೇಕು ಅಂತ ಡಬ್ಬಿ ಎಳೆದ್ರೆ ಜೀರಿಗೆ, ಮೆಂತ್ಯ, ಉದ್ದಿನಬೇಳೆ ಎಲ್ಲಾ ಒಟ್ಟಿಗೇ ಕೈಗೆ ಬರತ್ತಲ್ಲ? ಮೆಮೊರಿನೂ ಹಂಗೇ, ಒಂದು ನಂಬರ್ ಕೇಳಿದ್ರೆ ಅದರ ಅಕ್ಕಪಕ್ಕದವೂ ಸೇರಿ ಸಾಮಾನ್ಯವಾಗಿ 64 ಬೈಟ್ ಒಟ್ಟಿಗೆ ಬರತ್ತೆ, ಅಂದ್ರೆ 4 ಬೈಟಿನ ನಂಬರ್ ಹದಿನಾರು. ಸಾಲಾಗಿ ಜೋಡಿಸಿಟ್ಟ ಇಪ್ಪತ್ತು ನಂಬರ್ ಎರಡು ಮೂರು ಸಲಕ್ಕೇ ಮುಗೀತು. ಹ್ಯಾಶ್ ಮಾಡಿದ್ರೆ ಪ್ರತಿ ಹೆಸರನ್ನೂ ಅರೆದು ನಂಬರ್ ಮಾಡ್ಬೇಕು, ಆ ನಂಬರಿನ ಖಾನೆ ಹುಡುಕ್ಬೇಕು, ಅಲ್ಲಿ ಬೇರೆಯವರು ಕೂತಿದ್ರೆ ಪಕ್ಕಕ್ಕೆ ಸರೀಬೇಕು. ಪಕ್ಕದ್ಮನೆಗೆ ಸಕ್ಕರೆ ಕೇಳೋಕೆ ಆಟೋ ಬುಕ್ ಮಾಡ್ದಂಗೆ.

ಹ್ಯಾಶ್ ಅಂದ್ರೆ ನಂಗೆ ತಾತ್ಸಾರ ಅಂದ್ಕೋಬೇಡಿ. 1953ರಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್ ಕಂಪನಿ ಒಳಗಿನ ಒಂದು ಟಿಪ್ಪಣಿಯಲ್ಲಿ ಈ ಖಾನೆ ಐಡಿಯಾ ಬರೆದಿಟ್ಟ. ಆಸಾಮಿ ಬಂದಿದ್ದು ಜವಳಿ ಲೈನಿಂದ, ಬಟ್ಟೆಯ ಎಳೆ ಎಣಿಸೋ ಸಾಧನ ಮಾಡಿದ್ದವನು! ನಿಮ್ಮ ಎಟಿಎಂ ಕಾರ್ಡ್ ನಂಬರಲ್ಲಿ ಒಂದಂಕಿ ತಪ್ಪಾಗಿ ಟೈಪ್ ಮಾಡಿದ್ರೆ ಹಿಡಿಯೋ ಲೆಕ್ಕಾನೂ ಇವನದ್ದೇ.

ಇರ್ಲಿ. ನಂಗೆ ಇಷ್ಟದ ದಾರಿ ಮೂರನೇದು. ಎರಡೂ ಲಿಸ್ಟನ್ನ ಅಕಾರಾದಿಯಾಗಿ ಜೋಡಿಸಿ ಒಂದೊಂದರ ಮೇಲೆ ಒಂದೊಂದು ಬೆರಳಿಡಿ. ಇಪ್ಪತ್ತರಲ್ಲಿ ಕೆಲವೇ ಹೆಸರು ತಗೊಳ್ಳೋಣ. ಎಡಗಡೆ ಬರ್ತೀನಿ ಅಂದವರು: ಅನಿತಾ, ಗಿರೀಶ, ಮಂಜು, ಮಂಜು, ಸವಿತಾ. ಬಲಗಡೆ ದುಡ್ಡು ಕೊಟ್ಟವರು: ಅನಿತಾ, ಮಂಜು, ರಮೇಶ, ಸವಿತಾ. ಅನಿತಾ ಎರಡೂ ಕಡೆ ಇದಾಳೆ, ಎರಡು ಬೆರಳೂ ಕೆಳಗೆ. ಗಿರೀಶ ಮಂಜುಗಿಂತ ಮೊದಲು ಬರ್ತಾನೆ, ಅಂದ್ರೆ ಬಲಗಡೆ ಅವನು ಇನ್ನು ಸಿಗೋ ಚಾನ್ಸೇ ಇಲ್ಲ, ಬಾಕಿ ಅಂತ ಬರ್ಕೊಂಡು ಎಡ ಬೆರಳು ಮಾತ್ರ ಕೆಳಗೆ. ಒಬ್ಬ ಮಂಜುಗೆ ಜೋಡಿ ಸಿಕ್ತು. ಎರಡನೇ ಮಂಜು ಎದುರಿಗೆ ರಮೇಶ, ಹಂಗಾಗಿ ಇವನೂ ಬಾಕಿ. ರಮೇಶ ಬರ್ತೀನಿ ಅನ್ನದೇ ದುಡ್ಡು ಕೊಟ್ಟಿದಾನೆ, ಒಳ್ಳೆ ಮನುಷ್ಯ.

ಇವರಲ್ಲಿ ಜೂನಿಯರ್ ಕೋಡಿಗೆ ಬಾಕಿ ಅಂತ ಸಿಕ್ಕಿದ್ದು ಗಿರೀಶ ಒಬ್ಬನೇ. ಅವನ ಹ್ಯಾಶ್ ಟೇಬಲಲ್ಲಿ ಒಂದು ಹೆಸರಿಗೆ ಒಂದೇ ಜಾಗ, ಇಬ್ಬರು ಮಂಜು ಸೇರಿ ಒಬ್ಬನಾಗಿ ಹೋಗಿದ್ರು. ನನ್ನ ಸಾದಾ ಲೂಪೂ ಸಿಕ್ಕಿದ ಹೆಸರಿಗೆ ಗೀಟು ಹಾಕ್ತಾ ಹೋಗ್ದಿದ್ರೆ ಇದೇ ತಪ್ಪು ಮಾಡತ್ತೆ. ಬೆರಳಿಟ್ಟಾಗ ಎರಡನೇ ಮಂಜು ಸಿಕ್ಕಿಬಿದ್ದ. ಆದ್ರೆ ಯಾವ ಮಂಜು? ಹೆಸರಿನ ಬದಲು ಫೋನ್ ನಂಬರ್ ಇಟ್ಕೊಂಡಿದ್ರೆ ಈ ತಾಪತ್ರಯವೇ ಇರ್ತಿರ್ಲಿಲ್ಲ.